ಎಸ್ತೇರಬಾಯಿಯ ಸಿಟ್ಟು

ಎಸ್ತೇರಬಾಯಿಯವರಿಗೆ ಸಿಟ್ಟು ಬಂದರೆ ಮೊದಲು ಮೂಗಿನ ತುದಿ ಕೆಂಪಾಗುತ್ತಿತ್ತು, ಆಮೇಲೆ ಓಣಿಗೆಲ್ಲ ಕೇಳುವಂತೆ ದನಿ ಏಳುತ್ತಿತ್ತು. ಸಿಂದಗಿಯ ಒಂದು ಸಣ್ಣ ದವಾಖಾನೆಯಲ್ಲಿ ಅವರು ನರ್ಸು. ನಮ್ಮ ಮನೆಯ ಪಕ್ಕದ ಖೋಲಿಗಳಲ್ಲಿ ಬಾಡಿಗೆಗಿದ್ದರು. ಗಂಡ ತೀರಿಕೊಂಡ ಮೇಲೆ ಮಗಳು ಸರಳಾಳನ್ನು ಒಬ್ಬರೇ ಬೆಳೆಸಿದವರು. ನನಗೊಮ್ಮೆ ಜೋರು ಜ್ವರ ಬಂದಾಗ ಮನೆಮದ್ದಿನಲ್ಲೇ ದಿನ ಕಳೆಯುತ್ತಿದ್ದ ಅಪ್ಪನನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿದ್ದರು: "ಮಗಳು ಬದುಕಬೇಕೋ ಬ್ಯಾಡೋ, ಅದನ್ನರ ಹೇಳ್ರಿ." ಯಾರ ಮಾತಿಗೂ ಬಗ್ಗದ ಅಪ್ಪ ಸುಮ್ಮನೆ ಗಾಡಿ ತರಲು ಹೋದರು. ಬೈದ ಆ ಹೆಂಗಸೇ ಜ್ವರ ಇಳಿಯುವವರೆಗೂ ನನ್ನ ಹಣೆಗೆ ತಣ್ಣೀರ ಬಟ್ಟೆ ಹಾಕುತ್ತ ಕೂತಿದ್ದರು.

ಸರಳಾಳನ್ನು ಮುದ್ದೇಬಿಹಾಳದ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಬಸುರಿಯನ್ನು ತವರಿಗೆ ಕರೆತರುವ ಮೊದಲೇ ಬೇನೆ ಶುರುವಾಯಿತು. ಅತ್ತೆ ರಾಹೇಲಮ್ಮ ತಾನೂ ಮನೆಯಲ್ಲೇ ಹಡೆದವಳು ಎಂದು ಹಟ ಹಿಡಿದು ಸೂಲಗಿತ್ತಿಯನ್ನು ಕರೆಸಿದಳು. ಟೆಂಪೋ ತರುತ್ತೇನೆಂದ ಮಗನನ್ನು ತಡೆದಳು. ಹೆಣ್ಣು ಕೂಸೇನೋ ಹುಟ್ಟಿತು, ರಕ್ತ ನಿಲ್ಲಲಿಲ್ಲ. ಕೊನೆಗೆ ಟೆಂಪೋ ಹೊರಟಿತು. ಸರಳಾ ದಾರಿಯಲ್ಲೇ ಹೋದಳು.

ಮಣ್ಣು ಮುಗಿಸಿ ಬಂದ ಎಸ್ತೇರಬಾಯಿ ಯಾರನ್ನೂ ಬೈಯಲಿಲ್ಲ. ನಮಗೆ ಅದಕ್ಕೇ ಹೆದರಿಕೆಯಾಯಿತು. ರಾಹೇಲಮ್ಮನ ಹೆಸರನ್ನು ಅವರು ಮತ್ತೆ ಎತ್ತಲಿಲ್ಲ. 'ಆ ಹೆಣ್ಣಮಗಳು' ಎನ್ನುತ್ತಿದ್ದರು. ಮೊಮ್ಮಗಳು ಕರುಣಾ ಬೆಳೆಯುತ್ತಿದ್ದದ್ದು ಆ ಮನೆಯಲ್ಲಿ ಎಂದು ಕೂಸಿನ ಮುಖ ನೋಡಲೂ ಹೋಗಲಿಲ್ಲ. ಭಾನುವಾರ ಅವರ ಖೋಲಿಯಲ್ಲಿ ಕೆಲವರು ಕೂಡಿ ಪ್ರಾರ್ಥನೆ ಮಾಡುವುದು ಗೋಡೆಯಾಚೆಗಿದ್ದ ನಮಗೆ ಕೇಳಿಸುತ್ತಿತ್ತು. ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬಂದಾಗ ಅವರ ದನಿಯೊಂದು ಇರುತ್ತಿರಲಿಲ್ಲ. ಯಾಕೆಂದು ಅವ್ವ ಕೇಳಿದಾಗ, "ದೇವರ ಮುಂದ ಸುಳ್ಳು ಹ್ಯಾಂಗ ಹೇಳ್ಲಿ, ಅಕ್ಕಾರ?" ಎಂದರು.

ಹೀಗೇ ಕೆಲವು ವರ್ಷ ಕಳೆದವು. ಒಂದು ಬೇಸಿಗೆಯ ಮುಂಜಾನೆ ರಾಹೇಲಮ್ಮ ಕರುಣಾಳ ಕೈ ಹಿಡಿದು ಅವರ ಬಾಗಿಲಿಗೆ ಬಂದಳು. ಮಗ ಮರುಮದುವೆಯಾಗಿ ಚಡಚಣ ಸೇರಿದ್ದ. ಸಕ್ಕರೆ ಕಾಯಿಲೆಯಿಂದ ಮುದುಕಿಯ ಕಾಲು ಕೊಳೆಯತೊಡಗಿತ್ತು. ಸುತ್ತಿದ್ದ ಹಳೆಯ ಅರಿವೆಯ ವಾಸನೆ ನಳದ ಹತ್ತಿರ ನಿಂತಿದ್ದ ನನಗೂ ಬಡಿಯಿತು. ಎಸ್ತೇರಬಾಯಿ ನೋಡಿದವರೇ ಬಾಗಿಲು ಹಾಕಿಕೊಂಡರು. ಮುದುಕಿ ಕಟ್ಟೆಯ ಮೇಲೆ ಕೂತಳು. ಹೋಗಲು ಅವಳಿಗೆ ಬೇರೆ ಜಾಗ ಇರಲಿಲ್ಲ.

ಬಿಸಿಲು ಕಟ್ಟೆಗೆ ಬರುವ ಹೊತ್ತಿಗೆ ಬಾಗಿಲು ತೆರೆಯಿತು. ಎಸ್ತೇರಬಾಯಿಯ ಕಣ್ಣು ಬಾತಿದ್ದವು. ಕೈಯಲ್ಲಿ ಬೆಚ್ಚಗಿನ ನೀರಿನ ಬೋಗುಣಿ. "ಕಾಲು ಮುಂದ ಮಾಡ್ರಿ, ಬೀಗ್ತಿ," ಎಂದರು.

ಅರಿವೆ ಬಿಚ್ಚಿ ನೀರು ಹಾಕುತ್ತಿದ್ದಂತೆ ಮುದುಕಿ ಅಳತೊಡಗಿದಳು. "ನಿಮ್ಮ ಮಗಳು ನನ್ನ ಹಟಕ್ಕ ಹೋದಳ್ರಿ."

ಎಸ್ತೇರಬಾಯಿಯ ಕೈ ನಿಂತಿತು. "ಹೌದು," ಎಂದರು. "ನಿಮ್ಮ ಹಟಕ್ಕಽ ಹೋದಳು." ಮತ್ತೆ ಬಗ್ಗಿ ಆ ಗಾಯ ತೊಳೆಯತೊಡಗಿದರು.

ಅಂದಿನಿಂದ ರಾಹೇಲಮ್ಮ, ಕರುಣಾ ಇಬ್ಬರೂ ಅಲ್ಲೇ ಉಳಿದರು. ದಿನವೂ ಕಟ್ಟೆಯ ಮೇಲೆ ಆ ಕಾಲು ತೊಳೆದು ಪಟ್ಟಿ ಕಟ್ಟುವುದನ್ನು ಓಣಿಯೇ ನೋಡುತ್ತಿತ್ತು. ಸಿಟ್ಟು ಹೋಯಿತೇ ಎಂದು ಅವ್ವ ಮೆಲ್ಲಗೆ ಕೇಳಿದಳು. "ಎಲ್ಲಿ ಹೋಗ್ತೈತ್ರಿ? ದಿನಾ ಎದ್ದ ಕೂಡ್ಲೆ ಎದುರಿಗೆ ಬಂದು ಕುಂದ್ರತೈತಿ. ನನ್ನ ಕೈಲಿಂದ ಆಗೂದಿಲ್ಲ, ನೀನಽ ಮಾಡಿಸಪಾ ಅಂತ ಯೇಸುಸ್ವಾಮಿಗೆ ಹೇಳಿ ಆಕಿ ಕಾಲು ಹಿಡೀತೇನಿ. ಹಿಡದ ಮ್ಯಾಲೆ ಅದು ಬರೇ ಒಂದು ನೋಯೂ ಕಾಲು."

ಕಾಲು ವಾಸಿಯಾಗಲಿಲ್ಲ. ಮಳೆಗಾಲದಲ್ಲಿ ರಾಹೇಲಮ್ಮ ಎಸ್ತೇರಬಾಯಿಯ ಹಾಸಿಗೆಯ ಮೇಲೆಯೇ ಪ್ರಾಣ ಬಿಟ್ಟಳು.

ಆಮೇಲೆ ಅಳಿಯ ಬಂದ. ಹೊಸ ಹೆಂಡತಿಗೆ ಮಕ್ಕಳಿಲ್ಲ, ಕರುಣಾಳನ್ನು ಕರೆದೊಯ್ಯುತ್ತೇನೆ ಎಂದ. ಇಷ್ಟು ದಿನ ಎಲ್ಲಿದ್ದೆ ಎಂದು ಎಸ್ತೇರಬಾಯಿ ಅಬ್ಬರಿಸುತ್ತಾರೆಂದು ನಾವು ಕಾದೆವು. ಅವರು ಅವನಿಗೆ ರೊಟ್ಟಿ ಬಡಿಸಿದರು. ಕೂಸಿಗೆ ತಾಯಿ ಬೇಕು, ತನಗೆ ವಯಸ್ಸಾಯಿತು ಎಂದಷ್ಟೇ ನಮಗೆ ಹೇಳಿದರು.

ಬಸ್‌ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. ಚಡಚಣದ ಕಡೆ ಹೋಗುವ ಇಂಡಿ ಬಸ್ಸು ನಿಂತಿತ್ತು. ಕರುಣಾ ಅಜ್ಜಿಯ ಸೀರೆ ಬಿಡಲೊಲ್ಲಳು. ಎಸ್ತೇರಬಾಯಿ ಕೆಳಗೆ ಕೂತು ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿದರು. "ಅಲ್ಲೊಬ್ಬಾಕಿ ನಿನ್ನ ಹಾದಿ ನೋಡಾಕತ್ತಾಳ. ಆಕಿಗೆ ಅವ್ವಾ ಅನ್ನು. ಹೋಗು, ಅಂಜಬ್ಯಾಡ."

ಬಸ್ಸು ಹೋದ ಮೇಲೆ ಅವರಿಗೆ ಏಳಲಾಗಲಿಲ್ಲ. ನಾನು ಕೈ ಕೊಟ್ಟೆ.

ಆ ವರ್ಷವೇ ನಾನು ಮದುವೆಯಾಗಿ ಬಸವನ ಬಾಗೇವಾಡಿಗೆ ಬಂದೆ. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಎಲ್ಲ ಮುಗಿದ ಮೇಲೆ. ಮಣ್ಣಿಗೆ ಚಡಚಣದವರೂ ಬಂದಿದ್ದರೆಂದು ಅವ್ವ ಹೇಳಿದಳು. ಕರುಣಾ ಶವಪೆಟ್ಟಿಗೆಯ ಹತ್ತಿರ ಹೋಗಲು ಅಂಜಿ ಆ ಹೊಸ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿ, ಅವ್ವಾ, ಅವ್ವಾ ಎಂದು ಅತ್ತಳಂತೆ.