ನೀಲವ್ವ ಚಿಗವ್ವನ ‘ಹೌದು’

ಒಂದೇ ಒಂದು ಪದ ಇಟ್ಟುಕೊಂಡು ನೀವು ಸಂಸಾರ ಮಾಡಬಲ್ಲಿರಾ? ನನ್ನ ಚಿಗವ್ವ ನೀಲವ್ವ ಈ ವರ್ಷ ಅದನ್ನೇ ಮಾಡುತ್ತಿದ್ದಾಳೆ.

ಗೋಪನಕೊಪ್ಪದ ಅವಳ ಮನೆಗೆ ಹೋದರೆ ಮೊದಲು ಮಾತು ಬರುತ್ತಿತ್ತು, ಆಮೇಲೆ ಚಹಾ. ಬೇಸಿಗೆಯಲ್ಲಿ ಸ್ಟ್ರೋಕ್ ಆಯಿತು. ಜೀವ ಉಳಿಯಿತು. ಬಲಗೈ ಸೋತಿತು, ಮಾತು ನಿಂತಿತು. ಉಳಿದದ್ದು ‘ಹೌದು’ ಮಾತ್ರ. ಚಹಾ ಬೇಕೇ? ಹೌದು. ಬೇಡವೇ? ಅದಕ್ಕೂ ಹೌದು!

(ಅಮರಗೋಳದ ಮಾರ್ಕೆಟ್‌ನಲ್ಲಿ ಹತ್ತಿ ವ್ಯಾಪಾರ ಮಾಡುವ ನಮ್ಮ ಕಾಕಾ, ಹೆಂಡತಿ ಯಾವುದಕ್ಕೂ ಹೌದು ಅನ್ನುವುದಿಲ್ಲ ಎಂದು ಜೀವನವಿಡೀ ಗೊಣಗಿದವರು.)

ಮಗಳು ಸವಿತಾಳ ನಿಶ್ಚಿತಾರ್ಥ ಹತ್ತಿರ ಬಂತು. ಕಾಕಾ ಮಂಚದ ಪಕ್ಕ ಕುಳಿತು ಕೇಳಿದರು: “ನೀ ಆರಾಮ ಆಗೂ ತನಕಾ ಕಾರ್ಯ ಮುಂದ ಹಾಕೂಣೇನ?”

“ಹೌದು” ಎಂದಳು ಚಿಗವ್ವ. ಕಾಕಾ ಬೀಗರಿಗೆ ಫೋನ್ ಮಾಡಿ ಮುಂದೂಡಿಬಿಟ್ಟರು.

ಅಂದಿನಿಂದ ಚಿಗವ್ವ ಊಟ ಬಿಟ್ಟಳು. ತಟ್ಟೆ ಕಂಡರೆ ಗೋಡೆಯತ್ತ ಮುಖ. ಕಾಯಿಲೆ ಹೆಚ್ಚಾಯಿತೆಂದು ನಾವೆಲ್ಲ ಹೆದರಿದೆವು.

ಮಾತು ಕಲಿಸಲು ಮನೆಗೆ ಬರುವ ಸ್ಪೀಚ್ ಥೆರಪಿಸ್ಟ್ ಹುಡುಗಿ ತಬಸ್ಸುಮ್ ಎಲ್ಲ ಕೇಳಿಸಿಕೊಂಡಳು. “ಕಾಕಾರ, ಅವ್ರು ಹೌದು ಅಂದಿದ್ದು ಹೆಂಗ ಅಂದ್ರು?”

“ಹೌದು ಅಂದ್ರ ಹೌದs. ಅದರಾಗ ಹೆಂಗ ಏನವಾ?”

“ಪದಾ ಒಂದs ಉಳದೈತ್ರಿ. ಆದ್ರ ಒತ್ತು, ಏರಿಳಿತ ಎಲ್ಲಾ ಹಂಗs ಅದಾವು. ಕೇಳ್ರಿ.” ಚಿಗವ್ವನತ್ತ ತಿರುಗಿದಳು. “ಅವ್ವಾರ, ನಿಮ್ಮ ಹೆಸರು ನೀಲವ್ವ ಅಲ್ರಿ?”

“ಹೌದು.” ಭಾರವೆಲ್ಲ ಮೊದಲ ಅಕ್ಷರದ ಮೇಲೆ. ಚುಟುಕಾಗಿ.

“ನಿಮ್ಮ ಹೆಸರು ಫಾತಿಮಾ ಅಲ್ರಿ?”

“ಹೌದೂ?!” ಕೊನೆಯ ಅಕ್ಷರ ಎದ್ದು ಜಂತಿಗೆ ಬಡಿಯಿತು. ಹುಬ್ಬೂ ಜೊತೆಗೆ ಏರಿತು.

ನಾವು ನಕ್ಕೆವು. ಕಾಕಾ ನಗಲಿಲ್ಲ. ಹತ್ತಿರ ಸರಿದು ಮೆಲ್ಲಗೆ ಕೇಳಿದರು: “ಸವಿತಾನ ಕಾರ್ಯ ಮುಂದ ಹಾಕೂಣು?”

“ಹೌದೂ!” ಎಡಗೈಯಿಂದ ಮಂಚ ಗುದ್ದಿದಳು.

“ಮತ್ತ… ಅದs ದಿನ ಮಾಡೂಣು?”

“ಹೌದು.” ಕಣ್ಣು ತುಂಬಿ ಬಂದವು. ಅವಳವೂ, ಅವರವೂ. ಕಾಕಾ ಅಲ್ಲಿಂದಲೇ ಬೀಗರಿಗೆ ಫೋನ್ ಹಚ್ಚಿದರು. “ತಪ್ಪು ತಿಳಕೊಂಡಿದ್ದೆ ನೋಡ್ರಿ. ಕಾರ್ಯ ಅದs ದಿನ ಇಟಗೊಳ್ಳೂಣು.” ಚಿಗವ್ವ ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡಳು.

ನಿಶ್ಚಿತಾರ್ಥ ಮನೆಯ ಹಾಲ್‌ನಲ್ಲೇ ನಡೆಯಿತು. ಚಿಗವ್ವ ಕುರ್ಚಿಯಲ್ಲಿ ಕುಳಿತು ಮಗಳ ಹಣೆಗೆ ಎಡಗೈಯಿಂದಲೇ ಕುಂಕುಮ ಹಚ್ಚಿದಳು. (ಎಡಗೈ ಎಂದು ಯಾವ ಹಿರಿಯರೂ ತಕರಾರು ತೆಗೆಯಲಿಲ್ಲ. ಕಾಲ ಬದಲಾಗಿದೆ!)

ಇಂಗ್ಲಿಷಿನಲ್ಲಿ ‘ಪ್ರೆಸೆಂಟ್’ ಪದದ ಮೊದಲ ಭಾಗ ಒತ್ತಿದರೆ ಉಡುಗೊರೆ, ಕೊನೆಯದನ್ನು ಒತ್ತಿದರೆ ಕೊಡುವ ಕ್ರಿಯೆ. ಕನ್ನಡದಲ್ಲಿ ಒತ್ತು ಹಾಗೆ ಪದದ ಅರ್ಥ ಬದಲಿಸುವುದಿಲ್ಲ ಅನ್ನುತ್ತಾರೆ. ಪದದ ಅರ್ಥ ಬದಲಾಗದೇ ಇರಬಹುದು. ಆಡುವವರ ಮನಸ್ಸಿನ ಅರ್ಥ?

ಈಗ ತಬಸ್ಸುಮ್ ಚಿಗವ್ವನ ಎಡಗೈಯನ್ನು ತಟ್ಟುತ್ತಾ, ಒಂದೊಂದೇ ಅಕ್ಷರ ಎಳೆದು ಹಾಡಿಸುತ್ತಾಳೆ: ಸ… ವಿ… ತಾ. ಮೊನ್ನೆ ‘ವೀ-ತಾ’ ಬಂತು. ಅಡುಗೆಮನೆಯಲ್ಲಿದ್ದ ಸವಿತಾ ಹಿಟ್ಟಿನ ಕೈಯಲ್ಲೇ ಓಡಿಬಂದಳು. ‘ಸ’ ಕೂಡ ಬಂದೀತು, ಅವಸರವೇನಿಲ್ಲ.

ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ: ನಮ್ಮ ಮನೆಗಳಲ್ಲಿ ಹೆಂಗಸರು ಇಲ್ಲಿಯವರೆಗೆ ಹೇಳಿದ ‘ಹೌದು’ಗಳಲ್ಲಿ ನಿಜಕ್ಕೂ ಹೌದಾಗಿದ್ದವು ಎಷ್ಟು?