ಕಲ್ಲೊಡಕನನ್ನು ದಾಟುವ ಉಪಾಯ

ವೈಶಾಲಿಯನ್ನು ನಾಲ್ಕು ತಿಂಗಳಿನಿಂದ ಒಂದೇ ಚಿಂತೆ ಕೊರೆಯುತ್ತಿತ್ತು. ಮಗ ಶರಣುವಿಗೆ ಒಂದು ವರ್ಷ ಹತ್ತು ತಿಂಗಳು ತುಂಬಿತ್ತು, ಇನ್ನೂ ‘ಅವ್ವ’ ಅಂದಿರಲಿಲ್ಲ. ಹೆಸರು ಹಿಡಿದು ಕೂಗಿದರೆ ಕೆಲವು ಸಲ ತಿರುಗುತ್ತಿದ್ದ, ಬಹಳಷ್ಟು ಸಲ ತಿರುಗುತ್ತಿರಲಿಲ್ಲ. ಲಸಿಕೆ ಹಾಕಿದ ಡಾಕ್ಟರು ಆಗಲೇ ಒಂದು ಚೀಟಿಯಲ್ಲಿ ಕಿವಿ ಪರೀಕ್ಷೆ ಮಾಡುವ ಕ್ಲಿನಿಕ್ಕಿನ ನಂಬರು ಬರೆದುಕೊಟ್ಟಿದ್ದರು. ಆ ನಂಬರು ಅವಳ ಫೋನಿಗೆ ಏರಿತ್ತು, ಅಲ್ಲಿಂದ ಮುಂದಕ್ಕೆ ಹೋಗಿರಲಿಲ್ಲ.

ಹಾಗೆಂದು ಅವಳೇನು ಅಜಾಗರೂಕ ತಾಯಿಯಲ್ಲ. ಆಂಟಾಪ್ ಹಿಲ್ಲಿನ ತಮ್ಮ ಬಿಲ್ಡಿಂಗಿನಿಂದ ಎದುರಿನ ಗಾರ್ಡನ್ನಿಗೆ ಮಗುವನ್ನು ಕರೆದೊಯ್ಯಬೇಕಾದರೂ ಚೀಲದಲ್ಲಿ ಮೂರು ಜೊತೆ ಬಟ್ಟೆ, ಎರಡು ಥರ್ಮಾಮೀಟರು, ಒಂದರ ಬದಲು ಎರಡು ನೀರಿನ ಬಾಟಲಿ ಇರಲೇಬೇಕು. ಅಂಧೇರಿಯ ಕಾರ್ಗೋ ಆಫೀಸಿನಲ್ಲಿ ಕೆಲಸ ಮಾಡುವ ಗಂಡ ಚಂದ್ರಾಮ, “ಗಾರ್ಡನ್‌ಗೆ ಹೊಂಟೀವೋ, ಗುಳೇ ಹೊಂಟೀವೋ?” ಎಂದು ಕೇಳುತ್ತಿದ್ದ. ಎಲ್ಲಕ್ಕೂ ತಯಾರಿ ಮಾಡಿಕೊಳ್ಳುವವಳು ಈ ಒಂದರ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ. ಪರೀಕ್ಷೆ ಮಾಡಿಸಿದರೆ ಅದಕ್ಕೊಂದು ಹೆಸರು ಬರುತ್ತದೆ. ಹೆಸರು ಬಂದಮೇಲೆ ಅದು ಮನೆಯಿಂದ ಹೋಗುವುದಿಲ್ಲ ಎಂದು ಅವಳ ಭಯ.

ಅತ್ತೆ ರುದ್ರವ್ವನ ಹತ್ತಿರ ಸಮಾಧಾನಕ್ಕೆ ಬರವಿರಲಿಲ್ಲ. “ಮನ್ಯಾಗ ಕನ್ನಡ, ಕೆಳಗ ಮರಾಠಿ, ಟಿವಿ ತುಂಬ ಹಿಂದಿ, ನಿನ್ನ ಬಾಯಾಗ ಇಂಗ್ಲಿಷ್. ಕೂಸು ಯಾವ್ದಂತ ಹಿಡೀಬೇಕವ್ವಾ? ನಾಕೂ ಸೋಸಿ ಒಂದ ಸಲ ಮಾತಾಡ್ತಾನ ತಗಿ. ಚಂದ್ರಾಮ ಬಾಯಿ ಬಿಟ್ಟದ್ದೂ ಮೂರು ವರ್ಷಕ್ಕ.”

ಮುಂಬೈಯ ಕನ್ನಡದ ಮನೆಗಳಲ್ಲಿ ಈ ಮಾತು ಸವೆದ ನಾಣ್ಯದ ಹಾಗೆ ಓಡಾಡುತ್ತದೆ. ವೈಶಾಲಿಯೂ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ವಾರದಲ್ಲಿ ಅವಳದೆನ್ನುವ ಹೊತ್ತು ಒಂದೇ, ಶನಿವಾರ ಮಧ್ಯಾಹ್ನ ಮೂರರಿಂದ ಐದೂವರೆ. ಮಗುವನ್ನು ಅತ್ತೆಯ ಕೈಗಿಟ್ಟು ಹಾರ್ಬರ್ ಲೈನಿನ ಲೋಕಲ್ ಹತ್ತಿ ಕುರ್ಲಾದಲ್ಲಿ ಇಳಿಯುತ್ತಿದ್ದಳು. ಸ್ಟೇಷನ್ನಿನಿಂದ ಐದು ನಿಮಿಷಕ್ಕೆ ಶೇಖರಣ್ಣನ ಹೋಟೆಲು. ಊಟದ ಗದ್ದಲ ಮುಗಿದು ಸಂಜೆಯ ಚಹಾದ ಗದ್ದಲ ಶುರುವಾಗುವ ಮೊದಲು ಮಹಡಿಯ ಫ್ಯಾಮಿಲಿ ರೂಮು ಖಾಲಿ ಇರುತ್ತಿತ್ತು. ಅಲ್ಲಿ ನಾಲ್ವರು ಕೂತು ಆಡುತ್ತಿದ್ದರು.

ಆಟ ನಡೆಸುವವನು ಸುಹಾಸ, ಶಾಲೆಯ ಭೂಗೋಳದ ಮೇಷ್ಟ್ರು, ವೈಶಾಲಿಯ ಕಾಲೇಜಿನ ಗೆಳೆಯ. ಅವನು ಒಂದು ಲೋಕವನ್ನು ಕಟ್ಟಿ ಹೇಳುತ್ತಾನೆ: ಇಲ್ಲಿ ಕೋಟೆ, ಇಲ್ಲಿ ಸುರಂಗ, ಒಳಗೆ ಇಂಥ ರಾಕ್ಷಸ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ತಾವೇನು ಮಾಡುತ್ತೇವೆಂದು ಹೇಳಬೇಕು. ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ; ಅಂಕಿ ದೊಡ್ಡದಾದಷ್ಟೂ ಗೆಲುವು.

ದಾಳದ ಸದ್ದು ಕೇಳಿಯೇ ಶೇಖರಣ್ಣನ ಹೆಂಡತಿ ವಾರಿಜಕ್ಕ ಮೊದಲ ದಿನ ಮೆಟ್ಟಿಲು ಹತ್ತಿ ಬಂದದ್ದು. “ನಮ್ಮ ಹೋಟೆಲಲ್ಲಿ ಜೂಜಾಡುದಾ ಮಾರಾಯ್ರೆ?” ಎಂದು ಬೈಯಲು ಬಂದವಳು ಆಟ ಅರ್ಥವಾದ ಮೇಲೆ ಕುರ್ಚಿ ಎಳೆದುಕೊಂಡು ಕೂತಳು. ಈಗ ಅವಳು ಬಿಲ್ಲುಗಾರ್ತಿ. ನಾಲ್ಕನೆಯವರು ಬೆಳಗಾವಿ ಕಡೆಯ ಗದಿಗೆಪ್ಪ ಕಾಕಾ, ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಚಹಾಕ್ಕೆಂದು ಬಂದು ಹಾಗೆಯೇ ಉಳಿದುಕೊಂಡರು. ಅವರದು ಕತ್ತಿ ಹಿಡಿದ ಜಟ್ಟಿಯ ಪಾತ್ರ. ವೈಶಾಲಿ ವೈದ್ಯೆ. ಗಾಯ ಕಟ್ಟುವುದರ ಜೊತೆಗೆ ಇಡೀ ತಂಡದ ಸಾಮಾನಿನ ಪಟ್ಟಿ ಅವಳದೇ ಜವಾಬ್ದಾರಿ: ಹಗ್ಗ, ಎಣ್ಣೆ, ಉಪ್ಪು, ಸುಣ್ಣದ ಕಡ್ಡಿ.

ಎರಡು ಶನಿವಾರಗಳಿಂದ ಅವರು ಕಲ್ಲೊಡಕ ಎಂಬ ಮೃಗದ ಮುಂದೆ ಸೋತು ಕೂತಿದ್ದರು. ಊರಿಗೆ ನೀರು ತರಲು ದಾಟಲೇಬೇಕಾದ ಕೋಟೆಯ ಸುರಂಗದ ತುಂಬ ಅಡ್ಡ ಬಿದ್ದ ಮೃಗ. ಬಂಡೆಯಂಥ ಚರ್ಮ, ಬಾಣ ನಾಟದು, ಕತ್ತಿ ಇಳಿಯದು. ಕೊಲ್ಲಲಾಗದಿದ್ದರೆ ದಾಟಿಯಾದರೂ ಹೋಗೋಣವೆಂದು ಉಪಾಯ ಹೂಡಿದ್ದರು. ಸುರಂಗದ ಒಂದು ಮಗ್ಗುಲಿಗೆ ಗಂಟೆ ಕಟ್ಟಿ ಹಗ್ಗ ಜಗ್ಗುವುದು, ಮೃಗ ಸದ್ದಿನ ಕಡೆ ಸರಿದಾಗ ಇನ್ನೊಂದು ಮಗ್ಗುಲಿನಿಂದ ಓಡುವುದು. ಎರಡು ಸಲವೂ ಅದು ಗಂಟೆಯನ್ನು ಬಿಟ್ಟು ಓಡುತ್ತಿದ್ದ ಜಟ್ಟಿಯ ಮೇಲೆಯೇ ಎರಗಿತ್ತು. ಕಾಕಾ ಈಗ ಮೂರನೇ ಜಟ್ಟಿಯನ್ನು ಹುಟ್ಟಿಸಿಕೊಂಡು ಬಂದಿದ್ದರು.

“ಇವನಿಗೂ ಮಲ್ಲಣ್ಣ ಅಂತ ಹೆಸರಿಟ್ಟೀನಿ. ಹೊಸಾ ಹೆಸರು ಯಾಕ ಸುಮ್ನ ಹಾಳು ಮಾಡೂದು?” ಎಂದರು ಕಾಕಾ.

ಸುಹಾಸ ನಕ್ಕ. “ಕಾಕಾ, ಇನ್ನೊಂದು ಚಾನ್ಸ್ ಅಷ್ಟೇ. ಈ ಸಲ ಮಲ್ಲಣ್ಣ ಸತ್ರೆ ಹೊರಗೆ ಕಾಯ್ತಾ ಇರೋ ಊರಿನ ಜನಕ್ಕೆ ನೀರು ಇಲ್ಲ. ಸ್ಟೋರಿ ಖತಂ. ಹೊಸ ಸ್ಟೋರಿ ಮಾಡ್ಬೇಕು.”

ಎಂಟು ತಿಂಗಳು ಆಡಿದ ಕಥೆ. ಯಾರಿಗೂ ಅದನ್ನು ಬಿಡುವ ಮನಸ್ಸಿರಲಿಲ್ಲ.

“ಗಂಟೆ ಸಣ್ಣದಾಯ್ತು ಅಂತ ಕಾಣ್ತದೆ,” ಎಂದಳು ವಾರಿಜಕ್ಕ. “ದೊಡ್ಡ ನಗಾರಿ ತಕೊಳ್ಳುವ.”

“ಕಳೆದ ಸಲವೂ ಹಿಂಗೇ ಹೇಳಿ ದೊಡ್ಡ ಗಂಟೆ ತಂದ್ರಿ ಅಕ್ಕಾರ,” ಎಂದರು ಕಾಕಾ. “ಅದಕ್ಕ ನಮ್ಮ ಗಂಟಿ ಹಿಡಿಸಿಲ್ಲೋ ಏನೋ. ಬ್ಯಾರೇ ರಾಗ ಬೇಕೇನೋ. ಕ್ವಾಣದ ಮುಂದ ಕಿನ್ನರಿ ಬಾರಿಸಿದಂಗ ಆತು ನಮ್ಮ ಕಥಿ.”

ಎಲ್ಲರೂ ನಕ್ಕರು. ವೈಶಾಲಿ ನಗಲಿಲ್ಲ. ಬೇರೆ ರಾಗ ಬೇಕೇನೋ, ಬೇರೆ ಭಾಷೆ ಬೇಕೇನೋ. ಆ ಮಾತನ್ನು ಅವಳು ಬೇರೆ ಕಡೆ ಬಹಳ ಸಲ ಕೇಳಿದ್ದಳು. ಎದುರಿನ ಲೋಟದಿಂದ ಒಂದು ಗುಟುಕು ನೀರು ಕುಡಿದಳು.

“ಸುಹಾಸ, ಗಂಟೆ ಬಾರಿಸಿದಾಗ ಅದು ತಲಿ ತಿರುಗಿಸ್ತೇನು?”

ಸುಹಾಸ ತನ್ನ ಕಾಗದ ನೋಡಿದ. “ಇಲ್ಲ.”

“ಸ್ವಲ್ಪನೂ?”

“ನೀವು ಯಾರೂ ಕೇಳಿರ್ಲಿಲ್ಲ. ಇಲ್ಲ, ತಿರುಗಿಸ್ಲಿಲ್ಲ.”

“ಮಲ್ಲಣ್ಣ ಓಡಿದಾಗ?”

“ಕೂಡ್ಲೇ ತಿರುಗಿತು.”

“ನಾನೀಗ ಸುರಂಗದ ಬಾಯಾಗ ನಿಂತು ಒಂದು ಮಡಕೆ ಎತ್ತಿ ಗೋಡೆಗೆ ಒಡೀತೀನಿ. ಓಡೂದಿಲ್ಲ, ನಿಂತಲ್ಲೇ ಇರ್ತೀನಿ.”

“ತಿರುಗಲ್ಲ.”

“ಈಗ ಒಂದು ಉಸುಕಿನ ಚೀಲ ನೆಲಕ್ಕ ಬೀಳಿಸ್ತೀನಿ. ದೊಡ್ಡ ಸದ್ದಿಲ್ಲ, ಧಪ್ ಅಂತ ಅಷ್ಟೇ.”

ಸುಹಾಸ ಅವಳ ಮುಖ ನೋಡಿದ. “ತಿರುಗಿತು.”

“ಹಂಗಾದ್ರ ಅದಕ್ಕ ಕಿವಿ ಕೇಳಿಸೂದಿಲ್ಲ,” ಎಂದಳು ವೈಶಾಲಿ. “ನೆಲ ನಡುಗಿದ್ರ ಅದಕ್ಕ ಗೊತ್ತಾಗ್ತದ.”

“ಎಂಥ ತಲೆ ಮಾರಾಯ್ತಿ ನಿಂದು,” ಎಂದಳು ವಾರಿಜಕ್ಕ. “ಹೇಗೆ ಹೊಳೀತು ನಿಂಗೆ?”

ವೈಶಾಲಿ ದಾಳವನ್ನು ಬೆರಳಿನಲ್ಲಿ ಹೊರಳಿಸಿದಳು. ಅಂದು ಬೆಳಿಗ್ಗೆ ಕುಕ್ಕರು ನಾಲ್ಕು ಸಲ ಕೂಗಿದಾಗ ಶರಣು ಡಬ್ಬಿಗಳ ಆಟದಿಂದ ತಲೆ ಎತ್ತಿರಲಿಲ್ಲ. ಅವಳು ಬೆನ್ನ ಹಿಂದೆ ನಿಂತು ಕಾಲಿನಿಂದ ನೆಲ ತಟ್ಟಿದ್ದಳು. ಥಟ್ಟನೆ ತಿರುಗಿ, ಹಲ್ಲು ತೋರಿಸಿ ನಕ್ಕಿದ್ದ. ಎಷ್ಟು ದಿನದಿಂದ ಹೀಗೆ ತಟ್ಟಿ ಕರೆಯುತ್ತಿದ್ದಳೋ, ‘ನೋಡಿ, ಕರೆದರೆ ತಿರುಗುತ್ತಾನೆ’ ಎಂದು ಅತ್ತೆಗೆ ತೋರಿಸುತ್ತಿದ್ದಳೋ, ಲೆಕ್ಕವಿರಲಿಲ್ಲ.

“ನಮ್ಮ ಶರಣೂನೂ ಹಾಂಗ,” ಎಂದಳು.

ಕೆಳಗೆ ಅಡುಗೆಮನೆಯಲ್ಲಿ ಯಾರೋ ಸ್ಟೀಲಿನ ತಟ್ಟೆಗಳನ್ನು ಪೇರಿಸುತ್ತಿದ್ದರು. ಸುಹಾಸ ಕಾಗದ ಮಡಚಲು ಹೋದ. “ವೈಶಾಲಿ, ಐ ಡಿಡ್ ನಾಟ್... ನಾನು ಹಾಗೆ ಯೋಚ್ನೆ ಮಾಡಿ ಬರೆದಿದ್ದಲ್ಲ. ಇವತ್ತು ನಿಲ್ಲಿಸೋಣ.”

“ಬ್ಯಾಡ,” ಎಂದಳು ಅವಳು. ಕೈ ಆಗಲೇ ಪಟ್ಟಿಯ ಪುಸ್ತಕ ತೆರೆದಿತ್ತು. “ಗೊತ್ತಾತಲ್ಲ, ಇನ್ನ ದಾಟೋಣು.”

ನಗಾರಿಯ ಮಾತು ಕೈಬಿಟ್ಟು ಹತ್ತು ಉಸುಕಿನ ಚೀಲ, ಆರು ಕಂಬಳಿ ಎಂದು ಬರೆದಳು. ಕಂಬಳಿ ನೆಲಕ್ಕೆ ಹಾಸಲು. ಎಲ್ಲರೂ ಬರಿಗಾಲು. ಕೂಗಿ ಮಾತಾಡಬಹುದು, ಕುಣಿಯುವ ಹಾಗಿಲ್ಲ. ಯಾರು ಎಲ್ಲಿರಬೇಕೆಂಬುದನ್ನು ವಾರಿಜಕ್ಕ ಹೋಟೆಲಿನ ಮಧ್ಯಾಹ್ನದ ಗದ್ದಲ ಸಂಭಾಳಿಸುವ ಹಾಗೆ ಹಂಚಿದಳು. “ನಾನು ಮೇಲೆ ಬಂಡೆ ಮೇಲೆ, ಆಚೆ ಕಡೆ ಒಂದೊಂದೇ ಚೀಲ ಬಿಡ್ತೇನೆ. ಕೌಂಟರ್ ಬಿಟ್ಟು ಏಳುದಿಲ್ಲ. ಕಾಕಾ ಸಪ್ಲಾಯರ್, ಸಾಮಾನು ಹೊತ್ತು ಮೆಲ್ಲಗೆ ನಡೀಬೇಕು. ಓಡಿದ್ರೆ ಸಾಂಬಾರ್ ಚೆಲ್ತದೆ.”

“ಹನ್ನೊಂದನೇದು ಒಂದು ಚೀಲ ಇರ್ಲಿ ವಾರಿಜಕ್ಕ,” ಎಂದಳು ವೈಶಾಲಿ. “ಎಣಿಕಿ ಬಿಟ್ಟು. ನಾನು ಹೇಳೂತನಕ ಮುಟ್ಟಬ್ಯಾಡ್ರಿ.”

ಮುಂದೆ ನಡೆಯುವವಳು ತಾನೇ ಎಂದಳು. ದಾಳ ಎಸೆದಳು: ಹನ್ನೆರಡು. ಕಂಬಳಿಯ ಮೇಲೆ ಅವಳ ಹೆಜ್ಜೆ ಮೃಗದ ಪಕ್ಕಕ್ಕೆ ಬಂತು. ಚೀಲಗಳು ಆಚೆ ಧಪ್ ಧಪ್ ಎಂದು ಬೀಳುತ್ತಿದ್ದವು, ಕಲ್ಲೊಡಕನ ತಲೆ ಅತ್ತಲೇ ಇತ್ತು. ಕಾಕಾ ದಾಳ ಎಸೆದರು: ಮೂರು.

“ಕಾಲು ಜಾರಿತು,” ಎಂದ ಸುಹಾಸ. “ಮಲ್ಲಣ್ಣ ಮಂಡಿಯೂರಿ ಬಿದ್ದ. ಹತ್ತು ಚೀಲವೂ ಖಾಲಿ. ಅದು ತಿರುಗ್ತಾ ಇದೆ.”

“ಹೋತು ಮೂರನೇ ಹೆಣಾ,” ಎಂದರು ಕಾಕಾ.

“ಹನ್ನೊಂದನೇದು ಬಿಡ್ರಿ ಅಕ್ಕ.”

ವಾರಿಜಕ್ಕ ದಾಳವನ್ನು ಎರಡೂ ಅಂಗೈ ನಡುವೆ ಉಜ್ಜಿ ಬಿಟ್ಟಳು. ಹದಿನೇಳು. ಚೀಲ ಬಿತ್ತು, ಮೃಗ ಅತ್ತ ಹೊರಳಿತು, ಮಲ್ಲಣ್ಣ ಮೊಣಕಾಲಲ್ಲೇ ತೆವಳಿ ಸುರಂಗ ದಾಟಿದ. ಕಾಕಾ ಟೋಪಿ ತೆಗೆದು ಗಾಳಿ ಹಾಕಿಕೊಂಡರು.

“ಈಗ ಅದರ ಬೆನ್ನು ನಿಮ್ಮ ಕಡೆ ಇದೆ,” ಎಂದ ಸುಹಾಸ. “ಎಣ್ಣೆ ಇದೆ, ಬೆಂಕಿ ಇದೆ. ಸುಡ್ತೀರಾ?”

“ಯಾಕ ಸುಡೂದು?” ಎಂದಳು ವೈಶಾಲಿ. “ಕೇಳಿಸದೇ ಇದ್ದದ್ದು ಅದರ ತಪ್ಪಲ್ಲ. ಗೊತ್ತಿಲ್ದ ಗಂಟಿ ಬಾರಿಸಿದ್ದು ನಮ್ಮ ತಪ್ಪು.”

ಐದೂ ಕಾಲಾಗಿತ್ತು. ಸುಹಾಸ ದಾಳಗಳನ್ನು ಡಬ್ಬಿಗೆ ತುಂಬಿದ. ವಾರಿಜಕ್ಕ ಎದ್ದು ಸೆರಗು ಸರಿಮಾಡಿಕೊಂಡು ವೈಶಾಲಿಯ ಪಕ್ಕಕ್ಕೆ ಬಂದು ನಿಂತಳು.

“ಡಾಕ್ಟ್ರಿಗೆ ತೋರ್ಸಿದ್ದೀಯಾ?”

“ಇಲ್ರೀ.”

“ನಂಬರ್ ಉಂಟಾ?”

“ಐತಿ. ನಾಲ್ಕು ತಿಂಗಳಾತು.”

ವಾರಿಜಕ್ಕ ಬೈಯಲಿಲ್ಲ, ಸಮಾಧಾನದ ಮಾತನ್ನೂ ಹೇಳಲಿಲ್ಲ. “ಕೆಳಗೆ ಈಗ ಗಲಾಟೆ ಶುರು. ಇಲ್ಲೇ ಕೂತು ಮಾತಾಡು, ನಾವು ಇಳೀತೇವೆ,” ಎಂದು ಗಂಡಸರಿಬ್ಬರನ್ನೂ ಕಣ್ಣಲ್ಲೇ ಎಬ್ಬಿಸಿಕೊಂಡು ಹೋದಳು.

ವೈಶಾಲಿ ಫೋನು ತೆಗೆದಳು. ಮೊದಲು ಚಂದ್ರಾಮನಿಗೆ ಹೇಳಲೇ, ಅತ್ತೆಯನ್ನು ಒಂದು ಮಾತು ಕೇಳಲೇ ಎಂದು ಬೆರಳು ತಡವರಿಸಿತು. ಅವರಿಗೆ ಆಮೇಲೂ ಹೇಳಬಹುದು. ನಂಬರು ಒತ್ತಿದಳು.

ಆ ಕಡೆ ಹೆಂಗಸೊಬ್ಬಳು ಹಿಂದಿಯಲ್ಲಿ ಮಗುವಿನ ಹೆಸರು ಕೇಳಿದಳು, ವಯಸ್ಸು ಕೇಳಿದಳು, ತೊಂದರೆ ಏನೆಂದು ಕೇಳಿದಳು. ನಾಲ್ಕು ತಿಂಗಳಿನಿಂದ ವೈಶಾಲಿ ಕೂಡಿಟ್ಟ ಉತ್ತರಗಳು ಬಹಳ ಇದ್ದವು: ಮನೆಯಲ್ಲಿ ನಾಲ್ಕು ಭಾಷೆ, ಅಪ್ಪನೂ ತಡವಾಗಿ ಮಾತಾಡಿದವನು, ಮಗು ಸ್ವಲ್ಪ ಹಟಮಾರಿ.

“ಅವನಿಗೆ ಕೇಳಿಸುತ್ತಿಲ್ಲ ಅನ್ನಿಸುತ್ತದೆ,” ಎಂದಳು. “ಕುಕ್ಕರು ಕೂಗಿದರೆ ತಿರುಗುವುದಿಲ್ಲ, ನೆಲ ತಟ್ಟಿದರೆ ತಿರುಗುತ್ತಾನೆ. ಪರೀಕ್ಷೆ ಮಾಡಿಸಬೇಕು. ಎಲ್ಲಕ್ಕಿಂತ ಬೇಗ ಸಿಗುವ ದಿನ ಯಾವುದು ಹೇಳಿ.”

ಪುಟ ತಿರುವುವ ಸದ್ದು ಕೇಳಿಸಿತು. “ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ. ಆಗುತ್ತದಾ?”

“ಬರ್ತೀವಿ,” ಎಂದಳು ವೈಶಾಲಿ.