ಹಾರನ್ ಕೇಳಿಯೇ ಹೇಳಿದ ಅಮ್ಮ

ಗೆಳೆಯರೇ, ನನಗಿಂತ ಹಳೆಯದಾದ ಅಪ್ಪನ ಕಾರು ಇವತ್ತು ಬೆಳಿಗ್ಗೆ ಮತ್ತೆ ಸ್ಟಾರ್ಟ್ ಆಗಲಿಲ್ಲ. ವಿದುರಾಶ್ವತ್ಥದಲ್ಲಿ ಅಕ್ಕ-ಭಾವ ನಾಗರ ಪ್ರತಿಷ್ಠೆ ಮಾಡಿಸುತ್ತಿದ್ದರು, ಹತ್ತು ಗಂಟೆಗೆ ಮುಹೂರ್ತ. ಎರಡು ತಿಂಗಳಿಂದ ಇದೇ ಪಾಡು. ಒಂದು ದಿನ ಹೊರಡುತ್ತದೆ, ಇನ್ನೊಂದು ದಿನ ಇಲ್ಲ. ಬ್ಯಾಟರಿ ಬದಲಾಯಿಸಿದ್ದಾಯಿತು, ಸ್ಟಾರ್ಟರ್ ಬಿಚ್ಚಿ ಕಟ್ಟಿದ್ದೂ ಆಯಿತು. ಮೆಕ್ಯಾನಿಕ್ ಸತ್ತಾರ್ ಎದುರಿಗೆ ಮಾತ್ರ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ.

“ಇವತ್ತೇ ಕೊನೆ, ಮಾರಿಬಿಡ್ತೀನಿ” ಎಂದರು ಅಪ್ಪ.

ಫೋನ್ ಮಾಡಿದ ಕೂಡಲೇ ಸತ್ತಾರ್ ಬಂದರು. ಕೀ ತಿರುಗಿಸಿದರೆ ‘ಟಕ್’ ಎಂದಿತಷ್ಟೆ. ಅಮ್ಮ ಬಾಗಿಲಲ್ಲಿ ಬರಿಗಾಲಲ್ಲಿ ನಿಂತಿದ್ದರು.

“ಇವತ್ತು ಹೊರಡಲ್ಲ ಅಂತ ಗೊತ್ತಿತ್ತಪ್ಪ, ಅದಕ್ಕೇ ಚಪ್ಪಲಿ ಹಾಕ್ಕೊಂಡಿಲ್ಲ. ನನ್ನ ಕರೆಯೋಕೆ ಇವರು ಹಾರನ್ ಹೊಡೀತಾರಲ್ಲ, ಅದು ಗಂಟಲು ಕಟ್ಟಿದಂಗೆ ಕೂಗಿದ ದಿನ ಗಾಡಿ ಸ್ಟಾರ್ಟ್ ಆಗಲ್ಲ.”

ಸತ್ತಾರ್ ಹಾರನ್ ಒತ್ತಿ ನೋಡಿದರು. ದನಿ ನಿಜವಾಗಿಯೂ ಕುಗ್ಗಿತ್ತು. ಹಾರನ್ನಿಗೂ ಸ್ಟಾರ್ಟರಿಗೂ ಕರೆಂಟ್ ಸಾಗಬೇಕಾದದ್ದು ಬ್ಯಾಟರಿಯಿಂದ ಕಾರಿನ ಲೋಹದ ಮೈಗೆ ಹೋಗುವ ಒಂದೇ ಅರ್ತ್ ವೈರಿನ ಮೂಲಕ. ಅದನ್ನು ಬಿಚ್ಚಿದರೆ, ಬೋಲ್ಟಿನಡಿ ಬರೀ ತುಕ್ಕು. ಉಜ್ಜಿ ಬಿಗಿ ಮಾಡಿದರು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

“ಎರಡು ತಿಂಗಳಿಂದ ಯಾಕೆ ಹೇಳಲಿಲ್ಲ?” ಎಂದರು ಅಪ್ಪ.

“ನೀವು ಊರೆಲ್ಲಾ ಕೇಳಿದ್ರಿ. ನನ್ನ ಎಲ್ಲಿ ಕೇಳಿದ್ರಿ?”

ಅಪ್ಪ ಸ್ಟೀರಿಂಗ್ ಹಿಂದೆ ಕೂತು ಹಾರನ್ ಒತ್ತಿದರು, ಅಮ್ಮ ಚಪ್ಪಲಿ ಹಾಕಿಕೊಂಡು ಬಂದರು. ಮುಹೂರ್ತಕ್ಕೆ ಸರಿಯಾಗಿ ಹೋದೆವು.